ತಗಡಿನ ಮೇಲಿನ ಹಸಿರಂಗಿ

ಎವಾರಿಸ್ತೊ,

ಇವತ್ತು ಬೆಳಿಗ್ಗೆ ಎಲ್ವೀರಾ ಅಂಗಡಿಗೆ ಬಂದಿದ್ದಳು. ನಿನ್ನ ಜೊತೆ ಗಡಿ ದಾಟಲು ಹೊರಟಿದ್ದ ನಸಾರಿಯೊನ ತಾಯಿ. ಮೂರು ವರ್ಷದ ಮೇಲೆ ಅವನು ಆಚೆಯಿಂದ ಫೋನ್ ಮಾಡಿದನಂತೆ. ಇಷ್ಟು ದಿನ ಜೈಲಿನಲ್ಲಿದ್ದನಂತೆ. "ನಿಮ್ಮವನು ಮರುಭೂಮಿಲಿ ಎರಡನೇ ದಿನಾನೇ ತಪ್ಪಿಹೋದ್ನಂತೆ" ಎಂದು ನೆಲ ನೋಡಿಕೊಂಡು ಹೇಳಿದಳು.

ಮಗ ಉಳಿದದ್ದಕ್ಕೆ ಸಾನ್ ಹುವಾನ್ ಚರ್ಚಿನ ಮಾತೆಗೆ ಒಪ್ಪಿಸಲು ಅವಳಿಗೆ ತಗಡಿನ ಮೇಲೆ ಬರೆದ ಹರಕೆಯ ಚಿತ್ರ ಬೇಕಿತ್ತು. ನಾಲ್ಕು ದಿನವಾದರೂ ಬೇಕು ಎಂದೆ. ಅಷ್ಟರಲ್ಲಿ ಗೋಡೆಗೆ ಒರಗಿಸಿದ್ದ ತಗಡಿನ ಮೇಲೆ ಅವಳ ಕಣ್ಣು ಬಿತ್ತು. ಮರುಭೂಮಿ, ಮೋಡದಲ್ಲಿ ಮಾತೆ, ನಡೆದು ಹೋಗುತ್ತಿರುವ ಹಸಿರಂಗಿಯವನು. ಕೆಳಗೆ, 'ನನ್ನ ಮಗ ಎವಾರಿಸ್ತೊನನ್ನು ಸುಖವಾಗಿ ದಾಟಿಸಿದ್ದಕ್ಕೆ.' ಕೃಪೆಯಾಗುವ ಮೊದಲೇ ಚಿತ್ರ ಬರೆಯಬಾರದೆಂದು ನಿನಗೆ ಕಲಿಸಿದವನು ನಾನೇ. ಆದರೂ ನೀನು ಹೊರಟುಹೋದ ವಾರವೇ ನಾನು ಇದನ್ನು ಬರೆದಿಟ್ಟಿದ್ದೆ. ತಾರೀಖೊಂದು ಬಾಕಿಯಿತ್ತು.

ಎಲ್ವೀರಾಗೆ ಓದಲು ಬಾರದು.

"ಇದನ್ನೇ ಕೊಡಿ ಮಾಸ್ತರೇ, ನಾಳೇನೇ ಯಾತ್ರೆ ಬಸ್ಸು. ಹೆಸರೊಂದು ಬದಲಾಯಿಸಿ. ಯಾರದ್ದೋ ಏನೋ, ಅವ್ರಿಗೆ ಇನ್ನೊಂದು ಬರ್ಕೊಡಿ." ಆಮೇಲೆ ಬಗ್ಗಿ ನೋಡಿ, "ಬರೀ ಬೆನ್ನು ಬರ್ದಿದೀರಲ್ಲ, ಮುಖ ಬರೆಯೋಕೆ ಸೋಮಾರಿತನಾನಾ?" ಎಂದಳು.

"ನಾನು ನೋಡಿದ್ದು ಅಷ್ಟೇ" ಎಂದೆ.

ಹೊರಟ ದಿನ ನೀನು ಬಾಗಿಲಲ್ಲಿ ನಿಂತು ಎರಡು ಸಲ ಕರೆದೆ. ನಾನು ಕುಂಚ ತೊಳೆಯುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ನೀನು ಬೀದಿಯ ತಿರುವಿನಲ್ಲಿದ್ದೆ.

ನಿನ್ನ ಹೆಸರನ್ನು ಬ್ಲೇಡಿನಿಂದ ಕೆರೆದು ತೆಗೆದೆ. ಅವನ ಹೆಸರು ಬರೆದು ಇವತ್ತಿನ ತಾರೀಖು ಹಾಕಿದೆ. ನಸಾರಿಯೊ ಕೆಂಪಂಗಿ ಹಾಕಿಕೊಂಡು ಹೋಗಿದ್ದನಂತೆ, ಅದನ್ನೂ ಬದಲಾಯಿಸಿ ಎಂದಳು.

ಕೆಂಪು ಬಣ್ಣ ಮುಗಿದಿದೆ ಎಂದು ಸುಳ್ಳು ಹೇಳಿದೆ.