ತೃಪ್ತಿಯ ಮುಖಕ್ಕೆ ಅತ್ತೆಯ ಮುಲಾಮು

ಸಾಗರ
೧೨ ನವೆಂಬರ್ ೨೦೨೪

ತೃಪ್ತಿಯ ಅಪ್ಪಯ್ಯನಿಗೆ ಪ್ರೀತಿಯ ನಮಸ್ಕಾರಗಳು.

ಬೆನ್ನುನೋವು ಹೇಗಿದೆ? ಇಂಜಿನ್ ಕೋಣೆಯ ಸೆಖೆಯಿಂದ ನೇರ ಹೋಗಿ ತಣ್ಣೀರು ಸುರಿದುಕೊಳ್ಳಬೇಡಿ. ನಡುಸಮುದ್ರದಲ್ಲಿ ನಿಮ್ಮ ಫೋನು ಸಿಗುವುದಿಲ್ಲ. ಮುಂದಿನ ಬಂದರಿನಲ್ಲಾದರೂ ಹಡಗು ಕಂಪನಿಯ ಏಜೆಂಟರ ಕೈಯಿಂದ ಈ ಕಾಗದ ತಲುಪಲಿ ಎಂದು ಬರೆಯುತ್ತಿದ್ದೇನೆ. ನಾನು ಆರಾಮ. ಮಗಳ ವಿಷಯಕ್ಕೆ ಬರುತ್ತೇನೆ.

ನೀವು ಹಡಗು ಹತ್ತುವಾಗ ಅವಳ ಕೆನ್ನೆಯಲ್ಲಿ ಮೊಡವೆ ಎದ್ದಿದ್ದವಲ್ಲ, ಅವು ಗಂಟುಗಟ್ಟಿ, ಮಗ್ಗುಲಾಗಿ ಮಲಗಲೂ ಆಗದಷ್ಟು ನೋಯತೊಡಗಿದವು. ಡಾಕ್ಟರಿಗೆ ತೋರಿಸೋಣ ಎನ್ನುವಷ್ಟರಲ್ಲಿ ಹೊಸನಗರದಿಂದ ನಿಮ್ಮ ಅಕ್ಕ ಬಂದಿಳಿದರು. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಂಡ ಒಂದು ಟ್ಯೂಬು ಹಿಡಿದು, "ಎಂತೂ ಆಗ್ತಿಲ್ಲೆ, ಹಚ್ಚು ಕೂಸೆ" ಎಂದರು. ಮುಖ ಒಂದು ವಾರ ಕನ್ನಡಿಯಂತೆ ಹೊಳೆದದ್ದು ನಿಜ. ಅಷ್ಟಕ್ಕೇ ಧನ್ವಂತರಿಯ ಒಡಹುಟ್ಟಿದವರ ಹಾಗೆ ಊರೆಲ್ಲ ಹೇಳಿಕೊಂಡು ಬಂದರು. ಟ್ಯೂಬು ಖಾಲಿಯಾದದ್ದೇ ತಡ, ಮುಖ ಕೆಂಡವಾಯಿತು. ಅವಳು ಪಾಠ ಮಾಡುವ ಶಾಲೆಯ ಅಂಗಳದಲ್ಲಿ ಬಿಸಿಲಿಗೆ ನಿಂತರೆ ಉರಿ, ಮೊಡವೆ ಮೊದಲಿಗಿಂತ ಹೆಚ್ಚು. ಆಗ ನಿಮ್ಮ ಅಕ್ಕ ಹೇಳಿದ್ದೇನು ಗೊತ್ತೇ? ಹುಡುಗಿಗೆ ಹಚ್ಚಲು ಬರುವುದಿಲ್ಲವಂತೆ! ಮೇಲೆ ಸಿಗಂದೂರಿನ ಅಮ್ಮನಿಗೊಂದು ಹರಕೆ. ತಾವು ಸುಟ್ಟದ್ದನ್ನು ಆ ತಾಯಿ ಆರಿಸಬೇಕು, ನೋಡಿ.

ಇಲ್ಲಿಯ ಚರ್ಮದ ಡಾಕ್ಟರ್ ಯಶೋಧಾ ಟ್ಯೂಬು ನೋಡಿದವರೇ, ಇದರಲ್ಲಿ ಸ್ಟೀರಾಯ್ಡ್ ಇದೆ, ಮೊಡವೆಗೆ ಹಚ್ಚುವುದಲ್ಲ ಎಂದರು. ಮೊದಲು ಉರಿ ಇಳಿಸಿ, ಆಮೇಲೆ ರಕ್ತ ಪರೀಕ್ಷೆ ಮಾಡಿಸಿ, ಗುಳಿ ಬೀಳಬಾರದೆಂದು ಒಂದು ಮಾತ್ರೆ ಶುರುಮಾಡಿದ್ದಾರೆ. ಅದನ್ನು ನುಂಗುವಷ್ಟು ಕಾಲ, ಬಿಟ್ಟ ಮೇಲೂ ಒಂದು ತಿಂಗಳು, ಬಸಿರಾಗಲೇಬಾರದು, ಮಗುವಿಗೆ ಭಾರೀ ಅಪಾಯ ಎಂದು ಒತ್ತಿ ಹೇಳಿದ್ದಾರೆ. ತುಟಿ ಒಡೆಯುತ್ತದೆ, ನಿಜ. ಆದರೆ ಗಂಟುಗಳು ಇಳಿದಿವೆ. ಕೂಸು ಮತ್ತೆ ತಲೆ ಎತ್ತಿ ಶಾಲೆಗೆ ಹೋಗುತ್ತಿದ್ದಾಳೆ.

ಹೀಗಿರುವಾಗ ಮೊನ್ನೆ ಭಾನುವಾರ ನಿಮ್ಮ ಅಕ್ಕ ತೀರ್ಥಹಳ್ಳಿಯಿಂದ ಶ್ರೀಶ ಎಂಬ ಮಾಣಿಯನ್ನೂ ಅವನ ತಾಯಿಯನ್ನೂ ಹೆಣ್ಣು ನೋಡಲು ಕರೆತಂದರು. ಆ ಮಹಾತಾಯಿ ನಮ್ಮ ಮಗಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಗದ್ದ ಹಿಡಿದು, ಸಂತೆಯಲ್ಲಿ ಬದನೆಕಾಯಿ ತಿರುವಿ ನೋಡುವಂತೆ ನೋಡಿದರು. ಮದುವೆ ಬರುವ ತಿಂಗಳೇ ಆಗಬೇಕಂತೆ. ಮಾತ್ರೆಯ ವಿಷಯ ತೆಗೆದರೆ, "ಬಿಟ್ಟುಬಿಡ್ಲಿ. ಒಂದು ಮಗು ಆದ್ರೆ ಮೊಡವೆ ತನ್ನಷ್ಟಕ್ಕೆ ಹೋಗ್ತು" ಎಂದರು. ನಿಮ್ಮ ಅಕ್ಕ ತಲೆಯಾಡಿಸಿದ್ದೇ ಆಡಿಸಿದ್ದು. ಆ ಗಂಡೋ, ಕೇಸರಿಬಾತಿನ ತಟ್ಟೆಯಿಂದ ಮುಖ ಎತ್ತಿದ್ದರೆ ಕೇಳಿ. ತೃಪ್ತಿ ಗದ್ದ ಬಿಡಿಸಿಕೊಂಡು, "ಮಾತ್ರೆ ಬಿಡದಿಲ್ಲೆ. ಈ ಸಂಬಂಧನೇ ಎಂಗೆ ಬ್ಯಾಡ" ಎಂದಳು. ಬಂದವರ ಚಪ್ಪಲಿ ಎಲ್ಲಿದೆ ಎಂದು ನಾನೇ ತೋರಿಸಿಕೊಟ್ಟೆ.

ನಿಮ್ಮ ಅಕ್ಕ ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ತಿಳಿಸಿದ್ದೇನೆ. ತೆಗೆದುಕೊಳ್ಳುವುದು ಬಿಡುವುದು ನಿಮಗೆ ಸೇರಿದ್ದು. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ
ಅನ್ನಪೂರ್ಣೇಶ್ವರಿ

ತಾ.ಕ.: ಹೊಸ್ತಿಲು ದಾಟುವಾಗ ನಿಮ್ಮ ಅಕ್ಕ, "ತಮ್ಮ ಆಗಲೇ ಒಪ್ಪಿದ್ದ" ಎಂದು ಎಲ್ಲರೆದುರು ಹೇಳಿದರು. ಮದುವೆಗೂ, ಮಾತ್ರೆ ಬಿಡಿಸುವುದಕ್ಕೂ ಕಳೆದ ಬಂದರಿನಿಂದ ಫೋನಿನಲ್ಲೇ ಹೂಂ ಎಂದಿರಂತೆ. ಮುಖ ಉರಿಯುವಾಗಲೂ ಅಳದ ಹುಡುಗಿ ಅದನ್ನು ಕೇಳಿ ಅತ್ತಳು. ಬಂದರು ಮುಟ್ಟಿದ ಕೂಡಲೇ ನನಗೆ ಫೋನು ಬೇಡ, ಅವಳಿಗೆ ಮಾಡಿ.