ಕುದುರೆ ಜೀನಿನ ಮೇಲೊಂದು ಮೊಟ್ಟೆ

ವಾಕಾ, ಸಸ್ಕ್ಯಾಚೆವಾನ್
೧೭ ಮೇ ೨೦೦೯

ತಮ್ಮ ಮೈರೋನನಿಗೆ ಅಕ್ಕ ಪರಾಸ್ಕಾಳ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಮೊದಲ ಸಲ ಓದಿದಾಗ ಸಿಟ್ಟು ಬಂತು, ಎರಡನೆಯ ಸಲ ನಗು ಬಂತು. "ನಾನು ಬರುವುದಿಲ್ಲ, ಪದಕವನ್ನು ಅಂಚೆಯಲ್ಲಿ ಕಳಿಸಿ ಎಂದು ಸಂಘದವರಿಗೆ ತಿಳಿಸಿದ್ದೇನೆ" ಎಂದು ಬರೆದಿದ್ದೀಯಲ್ಲ, ಅದೇನು ಬೀಜದಂಗಡಿಯ ಕ್ಯಾಟಲಾಗೇ ಅಂಚೆಯಲ್ಲಿ ಬರುವುದಕ್ಕೆ? ಈ ದೇಶದ ಸೈದ್ಧಾಂತಿಕ ರಸಾಯನ ವಿಜ್ಞಾನಿಗಳೆಲ್ಲ ಸೇರಿ, ಇಷ್ಟು ವರ್ಷದ ನಿನ್ನ ಕೆಲಸ ದೊಡ್ಡದು ಎಂದು ಹೇಳಿ ಕೊಡುತ್ತಿರುವ ಪದಕ. ಅದನ್ನೂ ಎಲ್ಲೋ ದೂರದಲ್ಲಿ ಕೊಡುತ್ತಿಲ್ಲ. ಸಸ್ಕಟೂನಿನಲ್ಲಿ, ನಮ್ಮ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿ ಕೊಡುತ್ತಿದ್ದಾರೆ. ನಾನು ಹೊಸ ಬೂಟು ಕೊಂಡಾಗಿದೆ.

ಊರಿನವರು "ನಿನ್ನ ತಮ್ಮ ಮಾಡಿದ್ದಾದರೂ ಏನು?" ಎಂದು ನನ್ನನ್ನು ಕೇಳುತ್ತಾರೆ. ನೀನು ನನಗೆ ಹೇಳಿಕೊಟ್ಟದ್ದನ್ನೇ ನಾನು ಅವರಿಗೆ ಹೇಳುತ್ತೇನೆ. ಮೊನ್ನೆ ಇಗರ್ಜಿಯ ಅಡುಗೆಮನೆಯಲ್ಲಿ ಎಲ್ಲರೂ ಕೂತು ಪಿರೋಹಿ ಕಡುಬು ಮಡಿಸುತ್ತಿದ್ದಾಗ ಮುದುಕ ವಾಸಿಲ್ ಕೇಳಿದ. "ನೋಡು ವಾಸಿಲ್, ಮದುವೆ ಮನೇಲಿ ಜನ ಕುಣೀತಾರಲ್ಲ, ಒಬ್ಬರಿಗೊಬ್ಬರು ಡಿಕ್ಕಿ ಹೊಡೀದೆ ತಪ್ಪಿಸ್ಕೊಂಡು ತಪ್ಪಿಸ್ಕೊಂಡು? ಅಣುವಿನೊಳಗೆ ಎಲೆಕ್ಟ್ರಾನುಗಳು ಹಂಗೇ ಓಡಾಡ್ತಾವಂತೆ. ಅವು ಹೆಂಗೆ ತಪ್ಪಿಸ್ಕೊಳ್ತಾವೆ ಅಂತ ಲೆಕ್ಕ ಹಾಕೋ ದಾರಿಯನ್ನ ನಮ್ಮ ಮೈರೋ ಕಂಡುಹಿಡಿದ" ಅಂದೆ. ವಾಸಿಲ್ ಕೈಯಲ್ಲಿದ್ದ ಕಡುಬು ಕೆಳಗಿಟ್ಟು, "ಅದಕ್ಕೆ ಸಂಬಳ ಬೇರೆ ಕೊಡ್ತಾರಾ?" ಅಂದ. ಹೆಂಗಸರೆಲ್ಲ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕರು. ನಾನು ಮಾತ್ರ ಎದೆ ಎತ್ತಿಕೊಂಡೇ ಕೂತಿದ್ದೆ.

ಇನ್ನು ವಿಷಯಕ್ಕೆ ಬರುತ್ತೇನೆ. ನೀನು ಬರದೆ ಇರುವುದಕ್ಕೆ ಕೊಟ್ಟ ಕಾರಣ ಬೆನ್ನು ನೋವು. ಬೆನ್ನು ನೋವಿನ ಹೆಸರು ಡೆಲ್ಫೀನ್ ಎಂದು ನನಗೆ ಗೊತ್ತಿಲ್ಲವೇ? ನಿನ್ನ ಶಿಷ್ಯೆ, ಬಾಟೋಶ್ ಕಡೆಯ ಹುಡುಗಿ. ನೀನು ಪ್ರಾಯದಲ್ಲಿ ಲೆಕ್ಕ ಹಾಕಿ, ಇಂಥದೊಂದು ಉಂಗುರದ ಆಕಾರದ ಅಣು ಗಟ್ಟಿಯಾಗಿ ನಿಲ್ಲುತ್ತದೆ ಎಂದು ಹೆಸರು ಮಾಡಿದ್ದೆ. ಅದು ನಿಲ್ಲುವುದಿಲ್ಲ ಎಂದು ಅವಳು ತೋರಿಸಿದಳು. "ನನ್ನ ಹೆಸರು ತೆಗೆದು ಅಚ್ಚು ಹಾಕಿಸಿಕೋ" ಎಂದು ನೀನು ಎದ್ದು ಹೋದೆ. ಅಂದಿನಿಂದ ಮಾತಿಲ್ಲ. ಈಗ ಅವಳು ಸಸ್ಕಟೂನಿನಲ್ಲೇ ಪಾಠ ಹೇಳುತ್ತಿದ್ದಾಳೆ, ಸಭೆಯ ಏರ್ಪಾಡೂ ಅವಳದೇ. ಅವಳ ಮುಖ ನೋಡಬೇಕಾಗುತ್ತದೆ ಎಂದು ನೀನು ಪದಕದ ಸಭೆಯನ್ನೇ ಬಿಡಲು ಹೊರಟಿದ್ದೀ.

ಹೋದ ಶನಿವಾರ ಅವಳು ನಮ್ಮ ಮನೆಗೆ ಬಂದಿದ್ದಳು.

ನಿಲ್ಲು, ಕಾಗದ ಮಡಿಸಬೇಡ. ಪೂರ್ತಿ ಓದು.

ಬಾಗಿಲು ತೆಗೆದಾಗ, "ಅತ್ತೇ, ಮೇಷ್ಟ್ರು ಚಿಕ್ಕಂದಿನಲ್ಲಿ ತೆಗೆಸಿಕೊಂಡ ಫೋಟೊ ಇದೆಯಾ? ಪದಕ ತಗೊಳ್ಳೋರ ಎಳೇ ವಯಸ್ಸಿನ ಫೋಟೊ ಸಭೆ ಬಾಗಿಲಲ್ಲಿ ಹಾಕೋದು ನಮ್ಮ ಸಂಘದ ಪದ್ಧತಿ" ಅಂದಳು.

"ಅತ್ತೆ ಯಾವಾಗ ಆದೆ ನಾನು?" ಅಂದೆ, ಗಡುಸಾಗಿಯೇ.

"ಮೇಷ್ಟ್ರ ಅಕ್ಕ ಅತ್ತೆ ಅಲ್ದೆ ಇನ್ನೇನು? ಅವರು ಮಾತು ಬಿಟ್ರು ಅಂತ ಸಂಬಂಧ ಬಿಟ್ಟು ಹೋಗುತ್ತಾ?"

ಕಾಫಿ ಕೊಟ್ಟೆ. ಗಸಗಸೆ ರೊಟ್ಟಿ ಇತ್ತು, ಹೊರಗೆ ತೆಗೆಯಲಿಲ್ಲ. ನಾನು ನಿನ್ನ ಕಡೆಯವಳು ಎಂಬುದು ಅವಳಿಗೆ ಗೊತ್ತಾಗಲಿ ಎಂದು. "ನಮ್ಮ ಹುಡುಗ ಅಂಥ ತಪ್ಪೇನು ಮಾಡಿದ್ದ? ನನಗೆ ತಿಳಿಯೋ ಹಂಗೆ ಹೇಳು, ನಾನು ಎಂಟನೇ ಕ್ಲಾಸು" ಅಂದೆ. ಅವಳು ಸುತ್ತ ಕಣ್ಣಾಡಿಸಿ, ಕೊಟ್ಟಿಗೆಯ ಬಾಗಿಲಿನಲ್ಲಿ ಕಾಣುತ್ತಿದ್ದ ಅಪ್ಪನ ಕುದುರೆ ಜೀನು ನೋಡಿ, "ಒಂದು ಮೊಟ್ಟೆ ಕೊಡಿ" ಅಂದಳು.

ಇಬ್ಬರೂ ಕೊಟ್ಟಿಗೆಗೆ ಹೋದೆವು. ಜೀನಿನ ತಗ್ಗಿನಲ್ಲಿ ಮೊಟ್ಟೆ ಇಟ್ಟಳು. ಮುಂದಕ್ಕೆ ತಳ್ಳಿದಳು, ಅದು ತೂಗಿ ನಡುವಿಗೇ ಬಂತು. ಹಿಂದಕ್ಕೆ ತಳ್ಳಿದಳು, ಮತ್ತೆ ನಡುವಿಗೇ. "ನೋಡಿದ್ರಾ? ಮೇಷ್ಟ್ರ ಉಂಗುರ ಇಲ್ಲಿ ಕೂತಿತ್ತು. ಸುಮ್ಮನೆ ಬಿಟ್ರೆ ಅಲ್ಲಾಡಲ್ಲ. ಗಟ್ಟಿಯಾಗಿದೆ ಅಂತ್ಲೇ ಯಾರಿಗಾದ್ರೂ ಅನ್ನಿಸೋದು. ಆದ್ರೆ ಹೀಗೆ..." ಎಂದು ಬೆರಳ ತುದಿಯಿಂದ ಪಕ್ಕಕ್ಕೆ ಮುಟ್ಟಿದಳು. ಮೊಟ್ಟೆ ಜಾರಿ ಅವಳ ಬೂಟಿನ ಮೇಲೆಯೇ ಒಡೆಯಿತು.

"ಅಯ್ಯೋ, ಬೇಯಿಸಿರ್ಲಿಲ್ವಾ!"

"ಬೇಯಿಸಿದ್ದು ಬೇಕು ಅಂತ ನೀನೆಲ್ಲಿ ಕೇಳಿದೆ?"

ಇಬ್ಬರೂ ನಕ್ಕೆವು. ಏನು ಮಾಡಲಿ, ನಗು ಬಂತು. ಅದೇ ಜೀನಿನ ಮೇಲೆ ಕೂತು ಕೂತು ನೀನೂ ಬೀಳುತ್ತಿದ್ದೆಯಲ್ಲ ಮೈರೋ. ಮುಂದಕ್ಕೆ ಬೀಳಲಿಲ್ಲ, ಹಿಂದಕ್ಕೆ ಬೀಳಲಿಲ್ಲ, ಯಾವಾಗಲೂ ಪಕ್ಕಕ್ಕೇ.

ಅವಳು ಬೂಟು ಒರೆಸಿಕೊಳ್ಳುತ್ತಾ ಹೇಳಿದ್ದು ಇದು: "ಆ ಕಾಲದಲ್ಲಿ ಎಲ್ಲಾ ಕಡೆಗೂ ತಳ್ಳಿ ನೋಡ್ಬೇಕು ಅಂದ್ರೆ ಕಂಪ್ಯೂಟರನ್ನ ವಾರಗಟ್ಲೆ ಬೇರೆ ಯಾರಿಗೂ ಕೊಡದೆ ಇಟ್ಕೋಬೇಕಿತ್ತು. ಯಾರು ಕೊಡ್ತಿದ್ರು? ಅವರದ್ದು ತಪ್ಪಲ್ಲ ಅತ್ತೆ, ಯಂತ್ರದ ಬಡತನ."

"ಹಂಗಿದ್ರೆ ನೀನ್ಯಾಕೆ ತಳ್ಳೋಕೆ ಹೋದೆ? ಇದ್ದದ್ದು ಇದ್ದ ಹಾಗೆ ಇರ್ತಿತ್ತಲ್ಲ."

ಆಗ ಅವಳು ನನ್ನನ್ನೇ ನೋಡಿದಳು. "ತಳ್ಳು ಅಂತ ಹೇಳಿಕೊಟ್ಟವರೇ ಅವರು. ಪ್ರತಿ ವರ್ಷ ಮೊದಲನೇ ಪಾಠದಲ್ಲಿ ನಿಮ್ಮ ಕಥೆ ಹೇಳೋರು. 'ನಮ್ಮಕ್ಕ ತಾನೇ ಕಲಿತು ರೇಡಿಯೊ ರಿಪೇರಿ ಅಂಗಡಿ ಇಟ್ಟೋಳು. ಹಾಡ್ತಾ ಇದೆ ಅಂತ ಯಾವ ರೇಡಿಯೊನೂ ವಾಪಸ್ ಕೊಡೋಳಲ್ಲ. ನಾಲ್ಕೂ ಕಡೆ ತಟ್ಟಿ ನೋಡ್ತಾಳೆ. ತಟ್ಟಿದ ಮೇಲೂ ಹಾಡಿದ್ರೆ ಆಗ ಕೊಡ್ತಾಳೆ. ನಿಮ್ಮ ಉತ್ತರಾನೂ ಹಂಗೇ ತಟ್ಟಿ ನೋಡಿ' ಅಂತ. ನಾನು ತಟ್ಟಿದೆ, ಅಷ್ಟೇ."

ಮೈರೋ, ನೀನು ಇದನ್ನು ನನಗೆ ಯಾವತ್ತೂ ಹೇಳಿರಲಿಲ್ಲ. ದೊಡ್ಡ ವಿಶ್ವವಿದ್ಯಾಲಯದಲ್ಲಿ ನಿಂತು, ಕೈಗೆ ಮಸಿ ಮೆತ್ತಿಕೊಂಡ ನಿನ್ನ ಅಕ್ಕನ ಅಂಗಡಿಯ ಮಾತಾಡುತ್ತಿದ್ದೆ ಎಂದು ನನಗೇನು ಗೊತ್ತು? ಒಳಗೆ ಹೋಗಿ ಗಸಗಸೆ ರೊಟ್ಟಿ ತಂದೆ. ದಪ್ಪಗೆ ಕೊಯ್ದೆ.

ಈಗ ನನ್ನ ತೀರ್ಪು ಕೇಳು. ಉಂಗುರ ಬಿತ್ತು, ನಿಜ. ಆದರೆ ಅದು ಬೀಳುತ್ತದೆ ಎಂದು ಅವಳಿಗೆ ಹೇಳಿದ್ದು ಯಾವುದು? ನಿನ್ನದೇ ಲೆಕ್ಕದ ದಾರಿ. ಬೇರೆಯವರ ದಾರಿಗಳು ಹಾಗೂ ಇರಬಹುದು, ಹೀಗೂ ಇರಬಹುದು ಎಂದು ತಡವರಿಸಿದವಂತೆ, ನಿನ್ನದೊಂದೇ ಸ್ಪಷ್ಟವಾಗಿ ಹೇಳಿತಂತೆ. ಸಂಘದವರು ಪದಕ ಕೊಡುತ್ತಿರುವುದು ಉಂಗುರಕ್ಕಲ್ಲ, ಆ ದಾರಿಗೆ. ನೀನು ಹಾಕಿದ ರಸ್ತೆಯಲ್ಲಿ ನಿನ್ನ ಶಿಷ್ಯೆ ನಿನಗಿಂತ ಮುಂದಕ್ಕೆ ಹೋದಳು ಎಂದು ರಸ್ತೆಯ ಮೇಲೆ ಸಿಟ್ಟು ಮಾಡಿಕೊಳ್ಳುವವನು ನೀನೊಬ್ಬನೇ. ಅವಳು ನಿನ್ನನ್ನು ಎಲ್ಲಿಯೂ ಹೀಯಾಳಿಸಿಲ್ಲ. ಕುಂಬಳಕಾಯಿ ಕಳ್ಳ ಎಂದು ಯಾರೂ ಕರೆದೇ ಇಲ್ಲ, ನೀನೇ ಹೆಗಲು ಮುಟ್ಟಿಕೊಂಡು ನೋಡುತ್ತಿದ್ದೀ.

ಹೊರಡುವಾಗ ಅವಳು ಇನ್ನೊಂದು ಸಂಗತಿ ಹೇಳಿದಳು. ಅದನ್ನು ನಿನಗೆ ಹೇಳಕೂಡದು ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಹಾಗಾಗಿ ಬರೆಯುವುದಿಲ್ಲ.

ಮೊನ್ನೆ ಸಂಘದ ಕಾರ್ಯದರ್ಶಿ ಫೋನು ಮಾಡಿದ್ದ. ಪದಕ ಕೊಡುವ ಮುಂಚೆ ಒಬ್ಬರು ಎದ್ದು ನಿಂತು ನಿನ್ನ ಕೆಲಸದ ಬಗ್ಗೆ ಮಾತಾಡಬೇಕಂತೆ, ಅದು ಯಾರು ಎಂದು ಪದಕ ಪಡೆಯುವವರೇ ಆರಿಸಬೇಕಂತೆ. ನೀನು ಯಾರ ಹೆಸರನ್ನೂ ಹೇಳಿಲ್ಲವಂತೆ. "ಅವರ ಮನಸ್ಸು ನಿಮಗೆ ಗೊತ್ತಿರಬಹುದೇನೋ" ಎಂದು ಕೇಳಿದ. ಗೊತ್ತು ಅಂದೆ. ಡೆಲ್ಫೀನ್ ಎಂದು ಬರೆದುಕೋ ಅಂದೆ. ನಿನಗೆ ಒಪ್ಪಿಗೆ ಇಲ್ಲದಿದ್ದರೆ ನೀನೇ ಬಂದು ಬದಲಾಯಿಸು, ಫೋನಿನಲ್ಲಿ ಹೇಳಿದರೆ ಒಪ್ಪಬಾರದೆಂದು ಅವನಿಗೆ ತಾಕೀತು ಮಾಡಿದ್ದೇನೆ. ಪಾಪ, "ಆಗಲಿ ಅಮ್ಮಾ" ಅಂದ.

ಹಿಂದಿನ ಕೋಣೆ ಗುಡಿಸಿ, ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ನೀಲಿ ಕೋಟು ತಾ, ಆ ಕಂದು ಕೋಟು ಬೇಡ. ಬೀಟ್‌ರೂಟ್ ಸಾರು ಮಾಡಿರುತ್ತೇನೆ. ಬೆನ್ನಿಗೆ ಎಣ್ಣೆಯೂ ಇದೆ, ನಿಜವಾಗಿ ನೋಯುತ್ತಿದ್ದರೆ.

ನೀನು ಪಕ್ಕಕ್ಕೆ ಬಿದ್ದಾಗಲೆಲ್ಲ ಎತ್ತಿದ,
ನಿನ್ನ ಅಕ್ಕ
ಪರಾಸ್ಕಾ

ಮರೆತ ಮಾತು: ಆಣೆ ಹಾಕಿಸಿಕೊಂಡದ್ದು ಬಾಯಿಂದ ಹೇಳಬಾರದು ಎಂದು. ಕೈಯಿಂದ ಬರೆಯಬಾರದು ಎಂದು ಅವಳು ಹೇಳಲಿಲ್ಲ. ನಿನ್ನ ಉಂಗುರ ಜಾರಿ ಬಿದ್ದು ಮಡಚಿಕೊಂಡು ಇನ್ನೊಂದು ಆಕಾರ ಆಗುತ್ತದಲ್ಲ, ಅದನ್ನು ಈ ಮಾರ್ಚಿನಲ್ಲಿ ಜರ್ಮನಿಯ ಪ್ರಯೋಗಾಲಯದವರು ನಿಜವಾಗಿಯೇ ತಯಾರಿಸಿದ್ದಾರಂತೆ. ಕೊರೆಯುವ ಚಳಿಯಲ್ಲಿ ಹಿಡಿದಿಟ್ಟು ಬೆಳಕು ಹಾಯಿಸಿ ನೋಡಿದರೆ, ನಿನ್ನ ಲೆಕ್ಕದ ದಾರಿ ಎಲ್ಲೆಲ್ಲಿ ಗೆರೆ ಮೂಡುತ್ತದೆ ಎಂದಿತ್ತೋ ಅಲ್ಲಲ್ಲೇ ಮೂಡಿತಂತೆ. ಇನ್ನೂ ಅಚ್ಚಾಗಿಲ್ಲ. "ಮೇಷ್ಟ್ರು ಎದುರಿಗೆ ಕೂತಿದ್ರೆ ಮಾತ್ರ ಸಭೇಲಿ ಹೇಳ್ತೀನಿ, ಇಲ್ದಿದ್ರೆ ಇಲ್ಲ" ಅಂದಳು. ಕೇಳಿದಾಗ ಆಶ್ಚರ್ಯಪಟ್ಟವನಂತೆ ಮುಖ ಮಾಡು, ನನ್ನ ಮರ್ಯಾದೆ ಉಳಿಸು.

ಇನ್ನೂ ಒಂದು. ನೀನು ಬರದಿದ್ದರೆ ಪದಕವನ್ನು ಮನೆಯವರು ತೆಗೆದುಕೊಂಡು ಎರಡು ಮಾತಾಡಬಹುದಂತೆ. ಕಾರ್ಯದರ್ಶಿಗೆ ಒಪ್ಪಿಗೆ ಕೊಟ್ಟಿದ್ದೇನೆ. ಜೀನು ಕೆಳಗಿಳಿಸಿ ಎಣ್ಣೆ ಹಚ್ಚಿಟ್ಟಿದ್ದೇನೆ, ವೇದಿಕೆಗೆ ಹೊತ್ತುಕೊಂಡು ಹೋಗಲು ವಾಸಿಲ್ ಇದ್ದಾನೆ. ನೀನು ಹೇಗೆ ಹೇಗೆ ಬೀಳುತ್ತಿದ್ದೆ ಎಂದು ಎಲ್ಲ ವಿಜ್ಞಾನಿಗಳಿಗೂ ತೋರಿಸುತ್ತೇನೆ. ಈ ಸಲ ಮೊಟ್ಟೆ ಬೇಯಿಸಿಕೊಂಡೇ ಹೋಗುತ್ತೇನೆ.