ನೆಲಿದಾಳ ಹೆಸರಿನ ಹಕ್ಕಿ

ಮೊಯೊಬಾಂಬ, ಪೆರು
೧೪ ಆಗಸ್ಟ್ ೨೦೧೧

ಪ್ರಿಯ ಸೋಯ್ಲಾ,

ನೀನೂ ನಿನ್ನ ಅಕ್ಕನೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಕೈ ಏಳಲಿಲ್ಲ. ನೀನು ಕಳಿಸಿದ ಚೀಸ್ ತಲುಪಿತು, ಅರ್ಧ ಹಾಗೇ ಇದೆ.

ವಿಷಯ ನಮ್ಮ ನೆಲಿದಾಳ ಹಕ್ಕಿಯದು. ಹೊಳೆಯಾಚೆಯ ಕಾಡಿನ ಆ ಹಳದಿ ಕೊರಳಿನ ಪುಟ್ಟ ಹಾಡುಹಕ್ಕಿಯನ್ನು ಹೊಸ ಜಾತಿಯೆಂದು ಬರೆದು, ಲ್ಯಾಟಿನ್ನಿನಲ್ಲಿ ಮಗಳ ಹೆಸರಿಟ್ಟೆನಲ್ಲ. ಅವಳು ಹೊಳೆಪಾಲಾದ ಮೇಲೆ ನಮಗೆ ಉಳಿದದ್ದು ಅದೊಂದೇ. ಆ ಹೆಸರು ಇನ್ನಿಲ್ಲ.

ನನ್ನ ಜೊತೆ ಕೆಲಸ ಮಾಡುವ ರೊಸಾವುರಾ ಈ ವರ್ಷ ಮೇಲಿನ ಕಣಿವೆಯ ಹಕ್ಕಿಗಳನ್ನು ಹಿಡಿದು ರಕ್ತ ಪರೀಕ್ಷೆ ಮಾಡಿಸಿದಳು. ಹೊಳೆ ಕಿರಿದಾಗುವ ಕಡೆ ಆಚೆ ದಡದ ಹಳದಿ ಕೊರಳಿನವೂ ಈಚೆ ದಡದ ಬಿಳಿ ಕೊರಳಿನವೂ ಕೂಡಿ ಸಂಸಾರ ಮಾಡುತ್ತಿವೆ. ಒಂದೇ ಹಕ್ಕಿ ಎರಡು ಹಾಡನ್ನೂ ಹಾಡುತ್ತದೆ. ಆಚೆ ದಡದ್ದೂ ಈಚೆ ದಡದ್ದೂ ಒಂದೇ ಜಾತಿ. ಈಚೆಯದಕ್ಕೆ ನೂರು ವರ್ಷದ ಹಿಂದೆಯೇ ಯಾರೋ ಹೆಸರಿಟ್ಟಿದ್ದಾರೆ. ಹಳೆಯದೇ ನಿಲ್ಲಬೇಕು, ನಿಯಮ.

ಅವಳು ಎರಡು ತಿಂಗಳು ಇದನ್ನು ನನ್ನಿಂದ ಮುಚ್ಚಿಟ್ಟಿದ್ದಳು. ಕೊನೆಗೆ ಹೇಳಿದಾಗ, "ಮೇಷ್ಟ್ರೇ, ಈ ಪರೀಕ್ಷೆ ಕಾಗದಾನೆಲ್ಲ ಪೆಟ್ಟಿಗೇಲಿಟ್ಟು ಬೀಗ ಹಾಕಿಬಿಡೋಣ. ತನ್ನ ಹೆಸರೇನು ಅಂತ ಹಕ್ಕಿಗೇನು ಗೊತ್ತಾಗುತ್ತಾ?" ಅಂದಳು.

"ನಿನಗೆ ಗೊತ್ತಾಯ್ತಲ್ಲಮ್ಮ" ಅಂದೆ.

"ನಾನು ಮರೆತುಬಿಡ್ತೀನಿ. ನಿಮ್ಮ ಬೈಗುಳಾನೇ ದಿನಾ ಮರೀತೀನಿ, ಇದೇನು ಮಹಾ" ಅಂತ ನಗಲು ಹೋಗಿ ಅತ್ತುಬಿಟ್ಟಳು.

ಎರಡೂ ಒಂದೇ ಜಾತಿಯೆಂಬ ಪ್ರಬಂಧವನ್ನು ನಾನೇ ಬರೆದು, ನಾನೇ ಸಹಿ ಹಾಕಿ ಕಳಿಸಿದೆ. ಆಮೇಲೆ ಸಂಗ್ರಹಾಲಯದ ಖಾನೆ ಎಳೆದು, ಒಣಗಿಸಿಟ್ಟ ಹಕ್ಕಿಯ ಕಾಲಿನಲ್ಲಿದ್ದ ಮಗಳ ಹೆಸರಿನ ಚೀಟಿಯ ಮೇಲೆ ಇನ್ನೊಂದು ಚೀಟಿ ಕಟ್ಟಲು ಹೋದೆ. ದಾರಕ್ಕೆ ಗಂಟು ಬೀಳಲಿಲ್ಲ. ರೊಸಾವುರಾಳೇ ಬಂದು ಹಾಕಬೇಕಾಯಿತು. ಅಂದಿನಿಂದ ಕಾಡಿಗೆ ಹೋಗಿಲ್ಲ. ಇನ್ನು ಹೋಗುವುದೂ ಇಲ್ಲ.

ಬೆಳಗಿನ ಚಳಿಗೆ ಹೊರಗೆ ಓಡಾಡಬೇಡ. ದೇವಮಾತೆ ನಿನ್ನನ್ನು ಕಾಯಲಿ.

ನಿನ್ನ,
ಫಿದೆನ್ಸಿಯೊ

ತಾ.ಕ.: ನೆಲಿದಾ ನನ್ನ ಮಾತು ಕೇಳದೆ, ಹಠ ಮಾಡಿ ಹೊಳೆಗಿಳಿದಳು ಅಂತ ನಿನಗೆ ಹೇಳಿದ್ದೆ. ಅದು ಸುಳ್ಳು, ಸೋಯ್ಲಾ. "ನೀರು ಇಳೀಲಿ ಅಪ್ಪಾ, ನಾಳೆ ಬರೋಣ" ಅಂದವಳು ಅವಳು. ಆಚೆ ದಡದಲ್ಲಿ ಆ ಹಕ್ಕಿ ಹಾಡುತ್ತಿತ್ತು. "ಇಷ್ಟಕ್ಕೇ ಹೆದರ್ತೀಯಾ" ಅಂತ ಹಂಗಿಸಿ ಇಳಿಸಿದವನು ನಾನು. ಒಂಬತ್ತು ವರ್ಷ ನೀನು ಅವಳ ಹಠವನ್ನೇ ಬೈದುಕೊಂಡು ಅತ್ತೆ. ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ.